ಚಲನವೈಕಲ್ಯವುಳ್ಳವರ ಸ್ವತಂತ್ರ ಖರೀದಿ

ಚಲನವೈಕಲ್ಯವುಳ್ಳವರ ಸ್ವತಂತ್ರ ಖರೀದಿ ಎಂದರೆ ನಡೆಯಲು, ನಿಲ್ಲಲು, ಮೆಟ್ಟಿಲು ಹತ್ತಲು ಅಥವಾ ಭಾರ ಎತ್ತಲು ತೊಡಕಿರುವ ವ್ಯಕ್ತಿಯು ತನಗೆ ಬೇಕಾದ ವಸ್ತುವನ್ನು ತಾನೇ ಕಂಡು, ಆರಿಸಿ, ಬೆಲೆ ವಿಚಾರಿಸಿ, ತನ್ನ ಕೈಯಿಂದಲೇ ಹಣ ಕೊಟ್ಟು ಕೊಳ್ಳುವುದು. ಪೋಲಿಯೊ, ಪಾರ್ಶ್ವವಾಯು, ಸಂಧಿವಾತ, ಬೆನ್ನುಹುರಿಯ ಪೆಟ್ಟು, ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಮಧುಮೇಹದಿಂದಾದ ಅಂಗಚ್ಛೇದನ ಮೊದಲಾದವು ಇಂತಹ ತೊಡಕಿಗೆ ಸಾಮಾನ್ಯ ಕಾರಣಗಳು. ಈ ಲೇಖನವು ವಿಷಯವನ್ನು ಮುಖ್ಯವಾಗಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಯಶವಂತನಗರ ಹಾಗೂ ಅದರ ಸುತ್ತಲಿನ ಸಂಡೂರು, ಹೊಸಪೇಟೆ, ಹಂಪಿ, ಕಂಪ್ಲಿ ಪ್ರದೇಶದ ಹಿನ್ನೆಲೆಯಲ್ಲಿ ವಿವರಿಸುತ್ತದೆ.

== ಪರಿಕಲ್ಪನೆ ==

‘ಸ್ವತಂತ್ರ’ ಎಂಬ ಪದವನ್ನು ಇಲ್ಲಿ ‘ಯಾರ ನೆರವೂ ಇಲ್ಲದೆ’ ಎಂಬ ಅರ್ಥದಲ್ಲಿ ತೆಗೆದುಕೊಳ್ಳುವುದು ಸರಿಯಲ್ಲ. ಕಾಲು ಗಟ್ಟಿಯಿರುವವರೂ ಅಕ್ಕಿಮೂಟೆಯನ್ನು ಅಂಗಡಿಯ ಹುಡುಗನಿಂದ ಆಟೋಗೆ ಹಾಕಿಸಿಕೊಳ್ಳುತ್ತಾರೆ. ಅದರಿಂದ ಅವರ ಸ್ವಾತಂತ್ರ್ಯಕ್ಕೆ ಕುಂದು ಬಂತೆಂದು ಯಾರೂ ಹೇಳುವುದಿಲ್ಲ. ನಿರ್ಣಯ ಯಾರದು ಎಂಬುದೇ ಇಲ್ಲಿನ ಪ್ರಶ್ನೆ. ಮನೆಯವರು ಪಟ್ಟಿ ಹಿಡಿದು ಹೋಗಿ ತಂದುಕೊಟ್ಟಾಗ ಸಾಮಾನು ಮನೆ ಸೇರುತ್ತದೆ. ಆದರೆ ಬದನೆಕಾಯಿಯನ್ನು ಒತ್ತಿ ನೋಡುವುದು, ಸೀರೆಯ ಬಣ್ಣವನ್ನು ಬೆಳಕಿಗೆ ಹಿಡಿಯುವುದು, ಎರಡು ರೂಪಾಯಿಗೆ ಚೌಕಾಸಿ ಮಾಡುವುದು, ಪರಿಚಯದವರು ಸಿಕ್ಕರೆ ನಾಲ್ಕು ಮಾತನಾಡುವುದು, ಇವು ಯಾವುವೂ ಪಟ್ಟಿಯಲ್ಲಿ ಬರುವುದಿಲ್ಲ. ತನ್ನ ಹಣ ಎಲ್ಲಿ, ಎಷ್ಟು ಖರ್ಚಾಯಿತು ಎಂಬ ಲೆಕ್ಕವೂ ಕ್ರಮೇಣ ಇನ್ನೊಬ್ಬರ ಕೈಗೆ ಹೋಗುತ್ತದೆ. ಒಳಉಡುಪು, ಮುಟ್ಟಿನ ಪ್ಯಾಡ್, ಮೂತ್ರಕೋಶದ ಕೊಳವೆ ಮುಂತಾದ ಖಾಸಗಿ ವಸ್ತುಗಳನ್ನು ಅಣ್ಣತಮ್ಮಂದಿರ ಅಥವಾ ಪಕ್ಕದ ಮನೆಯವರ ಮೂಲಕ ತರಿಸಬೇಕಾದ ಮುಜುಗರವನ್ನು ವಿಶೇಷವಾಗಿ ಮಹಿಳೆಯರು ಅನುಭವಿಸುತ್ತಾರೆ.

== ಹಿನ್ನೆಲೆ ==

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 2.68 ಕೋಟಿ ಅಂಗವಿಕಲರಿದ್ದರು. ಕರ್ನಾಟಕದಲ್ಲಿ ಈ ಸಂಖ್ಯೆ 13,24,205. ಅವರಲ್ಲಿ 2,71,982 ಮಂದಿಯನ್ನು ಚಲನೆಗೆ ಸಂಬಂಧಿಸಿದ ವೈಕಲ್ಯದ ಅಡಿಯಲ್ಲಿ ಗುರುತಿಸಲಾಗಿತ್ತು. ವಯೋಸಹಜ ಮಂಡಿನೋವಿನಿಂದ ಮನೆಯ ಹೊಸ್ತಿಲು ದಾಟಲಾಗದ ಹಿರಿಯರಲ್ಲಿ ಹೆಚ್ಚಿನವರು ತಮ್ಮನ್ನು ಅಂಗವಿಕಲರೆಂದು ಹೇಳಿಕೊಳ್ಳುವುದಿಲ್ಲವಾದ್ದರಿಂದ, ಅಂಗಡಿಗೆ ಹೋಗಲು ಕಷ್ಟಪಡುವವರ ನಿಜವಾದ ಸಂಖ್ಯೆ ಇದಕ್ಕಿಂತ ದೊಡ್ಡದು.

ಅಂಗವಿಕಲರ ಸ್ವತಂತ್ರ ಜೀವನದ ಚಳವಳಿಯು ಅಮೆರಿಕದ ಬರ್ಕ್ಲಿಯಲ್ಲಿ 1972ರಲ್ಲಿ ಸ್ಥಾಪನೆಯಾದ ಸ್ವತಂತ್ರ ಜೀವನ ಕೇಂದ್ರದಿಂದ ಹೆಸರಾಯಿತು. ಪೋಲಿಯೊದಿಂದ ಕೈಕಾಲುಗಳ ಶಕ್ತಿ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ ಅದರ ಪ್ರಮುಖರಲ್ಲೊಬ್ಬರು. ಬ್ರಿಟನ್ನಿನ ಹಲವು ಪಟ್ಟಣಗಳಲ್ಲಿ ಪೇಟೆಗೆ ಬಂದವರಿಗೆ ಗಾಲಿಕುರ್ಚಿ ಅಥವಾ ವಿದ್ಯುತ್ ಸ್ಕೂಟರನ್ನು ಕೆಲವು ಗಂಟೆಗಳ ಮಟ್ಟಿಗೆ ಕೊಡುವ ‘ಶಾಪ್‌ಮೊಬಿಲಿಟಿ’ ಕೇಂದ್ರಗಳು ರೂಢಿಗೆ ಬಂದವು. ಕರ್ನಾಟಕದಲ್ಲಿ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅಂಗವಿಕಲರ ಸಂಸ್ಥೆ (ಎ.ಪಿ.ಡಿ.) ಹಾಗೂ 1994ರಲ್ಲಿ ಸ್ಥಾಪಿತವಾದ ಮೊಬಿಲಿಟಿ ಇಂಡಿಯಾ ಈ ಕ್ಷೇತ್ರದ ಹಳೆಯ ಸಂಸ್ಥೆಗಳು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರ ಅಕ್ಟೋಬರ್ 1ರಂದು ಅನುಮೋದಿಸಿತು.

== ಯಶವಂತನಗರ ಮತ್ತು ಸುತ್ತಲಿನ ಪೇಟೆಗಳು ==

ಯಶವಂತನಗರವು ಹೊಸಪೇಟೆ–ಸ್ವಾಮಿಹಳ್ಳಿ ರೈಲು ಮಾರ್ಗದಲ್ಲಿರುವ ಊರು. ಈ ಮಾರ್ಗವು ಪ್ರಧಾನವಾಗಿ ಕಬ್ಬಿಣದ ಅದಿರಿನ ಸಾಗಣೆಗೆ ಹೆಸರಾದದ್ದು. ಇಂತಹ ಊರಿನಲ್ಲಿ ದಿನನಿತ್ಯದ ಉಪ್ಪು, ಬೇಳೆ, ಎಣ್ಣೆಗಳು ಸ್ಥಳೀಯ ಕಿರಾಣಿ ಅಂಗಡಿಯಲ್ಲೇ ದೊರೆಯುತ್ತವೆ. ಬಟ್ಟೆ, ಪಾತ್ರೆ, ವಿಶೇಷ ಔಷಧಿ, ಮೊಬೈಲ್ ಮುಂತಾದವಕ್ಕೆ ತಾಲ್ಲೂಕು ಕೇಂದ್ರವಾದ ಸಂಡೂರಿಗೂ, ಇನ್ನೂ ದೊಡ್ಡ ಖರೀದಿಗೆ ಹೊಸಪೇಟೆಗೂ ಹೋಗಬೇಕಾಗುತ್ತದೆ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಿದಾಗ ಹೊಸಪೇಟೆಯು ಹೊಸ ಜಿಲ್ಲೆಯ ಕೇಂದ್ರವಾಯಿತು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹೀಗಾಗಿ ಯಶವಂತನಗರದ ನಿವಾಸಿಯೊಬ್ಬರು ಖರೀದಿಗೆ ಹೊಸಪೇಟೆಗೆ ಹೋದರೂ, ಅಂಗವಿಕಲರ ಸೌಲಭ್ಯಗಳ ಜಿಲ್ಲಾ ಕಚೇರಿಗೆ ಬಳ್ಳಾರಿಯನ್ನೇ ಸಂಪರ್ಕಿಸಬೇಕು.

== ಅಂಗಡಿಯ ಕಟ್ಟೆ ==

ಈ ಭಾಗದಲ್ಲಿ ಗಾಲಿಕುರ್ಚಿಯವರಿಗೂ ಊರುಗೋಲಿನವರಿಗೂ ಮೊದಲ ಅಡ್ಡಿ ಅಂಗಡಿಯ ಮುಂದಿನ ಕಟ್ಟೆ. ರಸ್ತೆಯ ಅಂಚಿಗೆ ಚರಂಡಿ, ಚರಂಡಿಯ ಮೇಲೆ ಒಂದು ಕಲ್ಲುಚಪ್ಪಡಿ, ಅದರಾಚೆ ಎರಡು ಮೂರು ಮೆಟ್ಟಿಲು, ಆಮೇಲೆ ಅಂಗಡಿ: ಇದು ಸಾಮಾನ್ಯ ವಿನ್ಯಾಸ. ಇದಕ್ಕೆ ವ್ಯಾಪಾರಿಯ ಅಲಕ್ಷ್ಯವೇ ಕಾರಣವೆನ್ನುವುದು ಅನ್ಯಾಯವಾದೀತು. ಮಳೆಗಾಲದಲ್ಲಿ ರಸ್ತೆಯ ನೀರು ಒಳನುಗ್ಗಿದರೆ ಸಕ್ಕರೆ, ಹಿಟ್ಟು ಹಾಳಾಗುತ್ತವೆ. ಆದುದರಿಂದ ತಳಪಾಯವನ್ನು ಎತ್ತರಿಸುತ್ತಾರೆ. ರಸ್ತೆಗೆ ಡಾಂಬರು ಪದರ ಬಿದ್ದಂತೆಲ್ಲ ಅದರ ಮಟ್ಟ ಏರುತ್ತದೆ; ಅದನ್ನು ಕಂಡವರು ಮುಂದಿನ ಕಟ್ಟಡವನ್ನು ಮತ್ತಷ್ಟು ಎತ್ತರಕ್ಕೆ ಕಟ್ಟುತ್ತಾರೆ.

ಇಳಿಜಾರಿನ ಲೆಕ್ಕವನ್ನು ವಿದ್ಯಾರ್ಥಿಗಳು ಸುಲಭವಾಗಿ ಮಾಡಬಹುದು. ಭಾರತದ ಸುಗಮ್ಯತಾ ಮಾರ್ಗಸೂಚಿಗಳಲ್ಲಿ ಇಳಿಜಾರು ದಾರಿಯ ಗರಿಷ್ಠ ಪ್ರಮಾಣ ಸಾಮಾನ್ಯವಾಗಿ 1:12. ಅಂದರೆ 1 ಸೆಂ.ಮೀ. ಎತ್ತರಕ್ಕೆ 12 ಸೆಂ.ಮೀ. ಉದ್ದ ಬೇಕು. 15 ಸೆಂ.ಮೀ.ಯ ಒಂದೇ ಮೆಟ್ಟಿಲಿಗೆ 1.8 ಮೀಟರ್ ಉದ್ದದ ಇಳಿಜಾರು ಸಾಕು. ಅಂತಹ ಮೂರು ಮೆಟ್ಟಿಲಿಗೆ, ಅಂದರೆ 45 ಸೆಂ.ಮೀ.ಗೆ, 5.4 ಮೀಟರ್ ಬೇಕು. ಹಳೆಯ ಪೇಟೆಯ ಇಕ್ಕಟ್ಟಿನ ಬೀದಿಯಲ್ಲಿ 5.4 ಮೀಟರ್ ಎಂದರೆ ಎದುರಿನ ಅಂಗಡಿಯ ಬಾಗಿಲನ್ನೇ ಮುಟ್ಟಬಹುದು. ಅಲ್ಲದೆ ರಸ್ತೆಗೆ ಚಾಚಿದ ಇಳಿಜಾರು ಒತ್ತುವರಿಯೆನಿಸುತ್ತದೆ. ಮೋಟಾರು ಸೈಕಲ್ ಒಳಗೆ ನಿಲ್ಲಿಸಲು ಕೆಲವರು ಹಾಕಿಸುವ ಕಡಿದಾದ ಸಿಮೆಂಟ್ ಜಾರುಪಟ್ಟಿಗಳು ಗಾಲಿಕುರ್ಚಿಗೆ ಉಪಯುಕ್ತವಲ್ಲ; ಏರುವಾಗ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವಿದೆ.

ಇದಕ್ಕೆ ದೊಡ್ಡ ಖರ್ಚಿಲ್ಲದ ಕೆಲವು ಪರಿಹಾರಗಳಿವೆ. ಒಂದೇ ಮೆಟ್ಟಿಲಿದ್ದಲ್ಲಿ ಮಡಚಿ ಒಳಗಿಡಬಹುದಾದ ಕಬ್ಬಿಣದ ಅಥವಾ ಮರದ ಹಲಗೆಯನ್ನು ಗಿರಾಕಿ ಬಂದಾಗ ಹಾಕಬಹುದು. ಹಲಗೆ ಗಿಡ್ಡವಾಗಿದ್ದಷ್ಟೂ ಏರು ಕಡಿದಾಗುವುದರಿಂದ ಹಿಂದೆ ಒಬ್ಬರು ಹಿಡಿದಿರಬೇಕು. ಮೂರು ಮೆಟ್ಟಿಲಿದ್ದಲ್ಲಿ ಊರುಗೋಲಿನವರಿಗೆ ಇಳಿಜಾರಿಗಿಂತ ಗಟ್ಟಿಯಾದ ಕೈಪಿಡಿಯೇ ಹೆಚ್ಚು ಅನುಕೂಲ. ಕೆಳಗೆ ಕುಳಿತವರ ಕೈಗೆಟುಕುವಂತೆ ರಸ್ತೆಯ ಮಟ್ಟದಲ್ಲಿ ಒಂದು ಕರೆಗಂಟೆ ಇಟ್ಟರೆ, ಒಳಗಿರುವವರ ಗಮನ ಸೆಳೆಯಲು ಕೂಗಬೇಕಾದ ಪ್ರಮೇಯ ತಪ್ಪುತ್ತದೆ.

ಸಾಂಪ್ರದಾಯಿಕ ಕಿರಾಣಿ ಅಂಗಡಿಯಲ್ಲಿ ಗಿರಾಕಿ ಒಳಗೆ ಹೋಗುವುದೇ ಇಲ್ಲ. ಹೊರಗೆ ನಿಂತು ಹೇಳಿದ್ದನ್ನು ಅಂಗಡಿಯವರು ತೂಗಿ ಕೊಡುತ್ತಾರೆ. ಈ ಪದ್ಧತಿ ಚಲನವೈಕಲ್ಯವುಳ್ಳವರಿಗೆ ಒಂದು ರೀತಿಯಲ್ಲಿ ಹೊಂದುತ್ತದೆ. ಕೊರತೆಯೆಂದರೆ, ತಕ್ಕಡಿಯಾಗಲಿ ಬೆಲೆಪಟ್ಟಿಯಾಗಲಿ ಕೆಳಗಿನಿಂದ ಕಾಣುವುದಿಲ್ಲ. ಹೊಸಪೇಟೆಯಂತಹ ಪಟ್ಟಣಗಳಿಗೆ ಬಂದಿರುವ ಸೂಪರ್ ಮಾರ್ಕೆಟ್‌ಗಳಲ್ಲಿ ಸ್ಥಿತಿ ತಿರುವುಮುರುವು: ನೆಲ ಸಮತಟ್ಟು, ಬೆಲೆ ಮುದ್ರಿತ, ಆದರೆ ಕಪಾಟುಗಳ ನಡುವಣ ದಾರಿ ರಟ್ಟಿನ ಪೆಟ್ಟಿಗೆಗಳಿಂದ ಕಿರಿದಾಗಿರುತ್ತದೆ, ಮೇಲಿನ ಸಾಲು ಕೈಗೆ ಸಿಗದು. ಗಾಲಿಕುರ್ಚಿ ಸರಾಗವಾಗಿ ಸಾಗಲು ಬಾಗಿಲು ಕನಿಷ್ಠ 90 ಸೆಂ.ಮೀ. ಅಗಲವಿರಬೇಕು, ಪೂರ್ತಿ ತಿರುಗಲು ಸುಮಾರು ಒಂದೂವರೆ ಮೀಟರ್ ತೆರವು ಬೇಕು.

== ಸಂತೆ ಮತ್ತು ತಳ್ಳುಬಂಡಿ ==

ವಾರದ ಸಂತೆಯಲ್ಲಿ ಮೆಟ್ಟಿಲಿಲ್ಲ. ಆದರೆ ಸರಕೆಲ್ಲ ನೆಲದ ಮೇಲೆ ಹಾಸಿದ ಚೀಲದ ಮೇಲಿರುವುದರಿಂದ, ಬಗ್ಗಲಾಗದ ಕ್ಯಾಲಿಪರ್ ಧಾರಿಗೆ ಟೊಮೆಟೊ ಆರಿಸುವುದೂ ಸಾಹಸ. ಮಳೆ ಬಂದರೆ ಊರುಗೋಲಿನ ತುದಿ ಕೆಸರಿನಲ್ಲಿ ಹೂತುಹೋಗುತ್ತದೆ, ಗಾಲಿ ಉರುಳುವುದಿಲ್ಲ. ಸಂತೆ ನೆರೆಯುವ ಮುನ್ನವೇ, ಜನಸಂದಣಿ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ಹೋಗುವುದು ಅನುಭವಿಗಳ ರೂಢಿ.

ತಳ್ಳುಬಂಡಿಯ ವ್ಯಾಪಾರಿಯೇ ಬಹುಶಃ ಅತ್ಯಂತ ಸುಗಮವಾದ ಅಂಗಡಿ. ಬಂಡಿಯ ಹಲಗೆ ಕುರ್ಚಿಯಲ್ಲಿ ಕುಳಿತವರ ಕೈಗೆ ಎಟಕುತ್ತದೆ. ಮನೆ ಬಾಗಿಲಿಗೇ ಬರುತ್ತದೆ. ಮುಟ್ಟಿ ನೋಡಬಹುದು, ಚೌಕಾಸಿಯನ್ನೂ ಮಾಡಬಹುದು. ಪಾದಚಾರಿ ಮಾರ್ಗವನ್ನು ಆಕ್ರಮಿಸಿ ಗಾಲಿಕುರ್ಚಿಯನ್ನು ರಸ್ತೆಗಿಳಿಸುವುದೂ ಕೆಲವೊಮ್ಮೆ ಇದೇ ತಳ್ಳುಬಂಡಿಯೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ವ್ಯಾಪಾರ ವಲಯಗಳನ್ನು ಗುರುತಿಸುವ ವ್ಯವಸ್ಥೆ ಮಾಡಿದೆ. ಆ ಗುರುತಿಸುವಿಕೆಯಲ್ಲಿ ಪಾದಚಾರಿ ಮಾರ್ಗದ ಅಗಲವನ್ನು ಉಳಿಸಿಕೊಂಡರೆ ಇಬ್ಬರ ಹಿತವೂ ಉಳಿಯುತ್ತದೆ.

ಹಂಪಿಯಲ್ಲಿ ತೊಡಕು ಬೇರೆ ಬಗೆಯದು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಸ್ಥಳದಲ್ಲಿ ಕಲ್ಲುಹಾಸು ಮತ್ತು ಬಂಡೆಗಳನ್ನು ಬದಲಾಯಿಸುವಂತಿಲ್ಲ. ವಿಠಲ ದೇವಾಲಯದ ಕಡೆಗೆ ವಾಹನ ನಿಲುಗಡೆಯಿಂದ ಓಡಾಡುವ ಬ್ಯಾಟರಿ ಗಾಡಿಗಳು ನಡೆಯಲಾಗದವರಿಗೆ ಒದಗುವ ಸೌಕರ್ಯ.

== ಪ್ರಯಾಣ ==

ಅಂಗಡಿಯವರೆಗೆ ತಲುಪುವುದೇ ಅನೇಕರಿಗೆ ಅರ್ಧ ದಿನದ ಕೆಲಸ. ಗ್ರಾಮೀಣ ಮಾರ್ಗದ ಬಸ್ಸುಗಳ ಮೊದಲ ಮೆಟ್ಟಿಲು ನೆಲದಿಂದ ಎತ್ತರದಲ್ಲಿದ್ದು, ಗಾಲಿಕುರ್ಚಿ ಸಹಿತ ಹತ್ತುವುದು ಪ್ರಾಯೋಗಿಕವಲ್ಲ. ಊರುಗೋಲಿನವರು ಚಾಲಕ, ನಿರ್ವಾಹಕರ ಸಹನೆಯನ್ನು ಅವಲಂಬಿಸುತ್ತಾರೆ. ಹೊಸಪೇಟೆ ಮತ್ತು ಬಳ್ಳಾರಿ ವಿಭಾಗಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿವೆ. ರಾಜ್ಯದ ಸಾರಿಗೆ ನಿಗಮಗಳು ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯ ವಾರ್ಷಿಕ ರಿಯಾಯಿತಿ ಪಾಸನ್ನು 660 ರೂಪಾಯಿಗೆ ನೀಡುತ್ತ ಬಂದಿವೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಟಿಕೆಟ್ ಉಚಿತವಾದ ಮಾತ್ರಕ್ಕೆ ಮೆಟ್ಟಿಲು ತಗ್ಗುವುದಿಲ್ಲ ಎಂಬುದು ಬೇರೆ ಮಾತು. ನೂಕುನುಗ್ಗಲಿರುವ ಬಸ್ಸನ್ನು ಬಿಟ್ಟು ಆಟೋ ಅಥವಾ ಟಂಟಂಗೆ ಹಣ ತೆರುವವರೂ ಇದ್ದಾರೆ.

ಹಿಂಬದಿಯಲ್ಲಿ ಎರಡು ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರ್ ಗ್ರಾಮೀಣ ಭಾಗದ ಅನೇಕರ ಬದುಕನ್ನು ಬದಲಿಸಿದೆ. ತೀವ್ರ ದೈಹಿಕ ವೈಕಲ್ಯವುಳ್ಳವರಿಗೆ ಇಂತಹ ಯಂತ್ರಚಾಲಿತ ವಾಹನ ಒದಗಿಸುವ ಯೋಜನೆಯನ್ನು ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ನಡೆಸುತ್ತದೆ. ಕೈಯಿಂದ ತುಳಿಯುವ ತ್ರಿಚಕ್ರ ಸೈಕಲ್ ಸಮತಟ್ಟು ದಾರಿಗೆ ಸರಿ. ಸಂಡೂರಿನ ಗುಡ್ಡಗಾಡಿನ ಏರುದಾರಿಗೆ, ಅದರಲ್ಲೂ ಅದಿರಿನ ಲಾರಿಗಳ ನಡುವೆ, ಅದು ಸುರಕ್ಷಿತವಲ್ಲ.

== ಸಾಮಾನು, ಬಿಸಿಲು, ಆಯಾಸ ==

ಎರಡು ಊರುಗೋಲು ಹಿಡಿದವರ ಎರಡೂ ಕೈ ತುಂಬಿರುತ್ತವೆ. ಕೈಚೀಲವನ್ನು ಊರುಗೋಲಿಗೆ ನೇತುಹಾಕಿದರೆ ಹೆಜ್ಜೆಹೆಜ್ಜೆಗೂ ತೂಗಾಡಿ ತೋಲ ತಪ್ಪಿಸುತ್ತದೆ. ಎದೆಗೆ ಅಡ್ಡಲಾಗಿ ಹಾಕುವ ಜೋಳಿಗೆ ಅಥವಾ ಬೆನ್ನುಚೀಲ ಉತ್ತಮ. ಗಾಲಿಕುರ್ಚಿಯ ಹಿಂಬದಿಗೆ ಭಾರದ ಚೀಲ ಕಟ್ಟಿದರೆ ಏರಿನಲ್ಲಿ ಕುರ್ಚಿ ಹಿಂದಕ್ಕೆ ವಾಲುತ್ತದೆ. ಭಾರವನ್ನು ಮಡಿಲಲ್ಲಿ ಅಥವಾ ಆಸನದ ಕೆಳಗೆ ಇಡಬೇಕು. ಐದು ಕಿಲೋ ಒಮ್ಮೆಗೇ ತರುವುದಕ್ಕಿಂತ ಒಂದೊಂದು ಕಿಲೋ ಹಲವು ಸಲ ತರುವುದು ದೇಹಕ್ಕೆ ಹಿತ, ಜೇಬಿಗೆ ಮಾತ್ರ ಸ್ವಲ್ಪ ದುಬಾರಿ.

ಏಪ್ರಿಲ್, ಮೇ ತಿಂಗಳ ಬಳ್ಳಾರಿ ಸೀಮೆಯ ಬಿಸಿಲನ್ನು ಪ್ರತ್ಯೇಕವಾಗಿ ಹೇಳಬೇಕು. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಲ್ಲಿ ಪೆಟ್ಟಿನ ಕೆಳಗಿನ ಭಾಗ ಸರಿಯಾಗಿ ಬೆವರುವುದಿಲ್ಲ; ಮೈ ಬೇಗ ಕಾಯುತ್ತದೆ. ಸ್ಪರ್ಶಜ್ಞಾನವಿಲ್ಲದ ಕಾಲು ಅಥವಾ ಪೃಷ್ಠಕ್ಕೆ ಬಿಸಿಲಲ್ಲಿ ನಿಂತ ವಾಹನದ ಆಸನ ಸುಟ್ಟರೂ ತಿಳಿಯದೆ ಗಾಯವಾಗಬಹುದು. ಆಸನದ ಮೇಲೆ ದಪ್ಪ ಬಟ್ಟೆ ಹಾಸುವುದು ಅವಶ್ಯ. ಸಂಧಿವಾತದ ರೋಗಿಗಳಿಗೆ ಮುಂಜಾನೆ ಕೀಲುಗಳು ಬಿಗಿದಿರುವುದರಿಂದ ಬೆಳಗಿನ ತಂಪು ಒದಗದೆ, ಸಂಜೆಯನ್ನೇ ಕಾಯಬೇಕಾಗುತ್ತದೆ. ಬಳಸಲು ಯೋಗ್ಯವಾದ ಶೌಚಾಲಯ ಪೇಟೆಯಲ್ಲಿಲ್ಲವೆಂದು ಬೆಳಗಿನಿಂದ ನೀರನ್ನೇ ಕುಡಿಯದೆ ಹೊರಡುವ ಅಭ್ಯಾಸ ಅಪಾಯಕಾರಿ. ಬಿಸಿಲಿನ ಬಳಲಿಕೆಗೂ ಮೂತ್ರದ ಸೋಂಕಿಗೂ ಅದು ದಾರಿಯಾಗುತ್ತದೆ.

== ಹಣ ಮತ್ತು ಪಡಿತರ ==

2016ರಲ್ಲಿ ಆರಂಭವಾದ ಯು.ಪಿ.ಐ. ಪಾವತಿಯಿಂದ ರಸ್ತೆಯಲ್ಲಿ ವಾಹನದ ಮೇಲೆ ಕುಳಿತೇ ಹಣ ಕೊಡುವುದು ಸಾಧ್ಯವಾಗಿದೆ. ಕ್ಯೂಆರ್ ಫಲಕವನ್ನು ಗಲ್ಲಾಪೆಟ್ಟಿಗೆಯ ಬಳಿ ಮಾತ್ರವಲ್ಲದೆ ಹೊರಗಿನ ಕಂಬಕ್ಕೂ ಅಂಟಿಸಿದರೆ ಅದರ ಪ್ರಯೋಜನ ಪೂರ್ಣ. ಮೊಬೈಲನ್ನೂ ಗುಪ್ತಸಂಖ್ಯೆಯನ್ನೂ ಬೇರೆಯವರ ಕೈಗೆ ಕೊಟ್ಟು ಪಾವತಿಸುವುದು ಹಣವನ್ನೇ ಕೊಟ್ಟಂತೆ. 2018ರ ಸೆಪ್ಟೆಂಬರ್ 1ರಂದು ಉದ್ಘಾಟನೆಯಾದ ಅಂಚೆ ಪಾವತಿ ಬ್ಯಾಂಕಿನ ಮೂಲಕ ಅಂಚೆಯವರು ಮನೆ ಬಾಗಿಲಿನಲ್ಲೇ ನಗದು ಕೊಡುವ ಸೇವೆಯೂ ಇದೆ.

ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಪಡೆಯುವ ಯಂತ್ರವಿರುವುದರಿಂದ ಪಡಿತರ ಚೀಟಿಯಲ್ಲಿ ಹೆಸರಿರುವವರಲ್ಲಿ ಒಬ್ಬರಾದರೂ ಹೋಗಬೇಕಾಗುತ್ತದೆ. ಒಂಟಿಯಾಗಿ ಬದುಕುವ ಅನೇಕರಿಗೆ ಇದು ಕಷ್ಟದ ಪ್ರಯಾಣ. ಸರದಿಯಲ್ಲಿ ನಿಲ್ಲಲಾಗದವರಿಗೆ ಕುರ್ಚಿ ಹಾಕಿ ಮೊದಲು ಕೊಡುವುದಕ್ಕೆ ಯಾವ ಆದೇಶಕ್ಕೂ ಕಾಯಬೇಕಿಲ್ಲ.

== ಕಾನೂನು ==

1995ರ ಕಾಯ್ದೆಯ ಸ್ಥಾನದಲ್ಲಿ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಎಂಬುದು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಇದರಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಲಾಗಿದೆ. ಸಾರ್ವಜನಿಕ ಕಟ್ಟಡ ಎಂಬುದರ ವ್ಯಾಖ್ಯೆಯಲ್ಲಿ ವಾಣಿಜ್ಯ ಚಟುವಟಿಕೆಗೆ ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ಸೇರುತ್ತದೆ. ಆದುದರಿಂದ ಅಂಗಡಿಯು ಈ ಕಾಯ್ದೆಯ ಹೊರಗಿಲ್ಲ. 44ನೆಯ ಪ್ರಕರಣದಂತೆ ಸುಗಮ್ಯತೆಯ ನಿಯಮಗಳನ್ನು ಪಾಲಿಸದ ಕಟ್ಟಡ ನಕ್ಷೆಗೆ ಅನುಮತಿ ಕೊಡುವಂತಿಲ್ಲ. 89ನೆಯ ಪ್ರಕರಣದಲ್ಲಿ ಮೊದಲ ಉಲ್ಲಂಘನೆಗೆ 10,000 ರೂಪಾಯಿಯವರೆಗೆ ದಂಡವಿದೆ. ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು, ಸುಗಮ್ಯತೆಯ ಮಾನದಂಡಗಳನ್ನು ಕೇವಲ ಸಲಹೆಯ ರೂಪದಲ್ಲಿರಿಸಿದ್ದ ನಿಯಮವು ಮೂಲ ಕಾಯ್ದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಹಳ್ಳಿಯ ಹಳೆಯ ಕಿರಾಣಿ ಅಂಗಡಿಯವರೆಗೆ ಕಾನೂನು ತಲುಪುವುದು ನಿಧಾನ. ಹೊಸ ವಾಣಿಜ್ಯ ಮಳಿಗೆಗಳಿಗೆ ಅನುಮತಿ ಕೊಡುವ ಹಂತದಲ್ಲಿ ಅದನ್ನು ಅನ್ವಯಿಸುವುದು ಸುಲಭ. ಕಟ್ಟಿದ ಮೇಲೆ ಒಡೆಯಿಸುವುದು ಕಷ್ಟ.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ವಿಶಿಷ್ಟ ಗುರುತಿನ ಚೀಟಿ, ಬಸ್ ಪಾಸ್, ಗಾಲಿಕುರ್ಚಿ ಮತ್ತು ವಾಹನದ ಅರ್ಜಿಗಳಿಗೆ ಮೊದಲು ಇವರನ್ನು ಕಾಣಬೇಕು. ಸ್ಥಳೀಯ ಸಂಸ್ಥೆಗಳು ಅಂಗವಿಕಲರ ಕಲ್ಯಾಣಕ್ಕೆಂದು ತೆಗೆದಿರಿಸುವ ಶೇ. 5ರ ನಿಧಿಯ ಬಗ್ಗೆ ಗ್ರಾಮಸಭೆಯಲ್ಲಿ ಕೇಳಬಹುದು. ಕಾಯ್ದೆಯ ಉಲ್ಲಂಘನೆಯ ದೂರುಗಳನ್ನು ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ಲಿಖಿತವಾಗಿ ಸಲ್ಲಿಸಬಹುದು.