ಹೆಡ್‌ಲೈಟ್ ಏಕೆ ಉರಿಯಲಿಲ್ಲ?

ಕಳೆದ ಮಳೆಗಾಲದ ಒಂದು ಸಂಜೆ. ಪೇಟೆಯಿಂದ ಊರಿಗೆ ಹೊರಟಿದ್ದೆ. ಕತ್ತಲಾಗುತ್ತಿದೆ ಎಂದು ಬೈಕಿನ ಹೆಡ್‌ಲೈಟ್ ಸ್ವಿಚ್ ಹಾಕಿದರೆ ದೀಪವೇ ಇಲ್ಲ! (2017ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಬೈಕುಗಳಲ್ಲಿ ಎಂಜಿನ್ ಚಾಲೂ ಆದೊಡನೆ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ನನ್ನದು ಅದಕ್ಕಿಂತ ಹಳೆಯದು.) ದೀಪವಿಲ್ಲದಿದ್ದರೆ ಗುಂಡಿಗಳು ನನಗೆ ಕಾಣುವುದಿಲ್ಲ, ಎದುರಿನ ಲಾರಿಯವರಿಗೆ ನಾನೇ ಕಾಣುವುದಿಲ್ಲ. ಬೈಕನ್ನು ತಳ್ಳಿಕೊಂಡೇ ಹತ್ತಿರದ ಗ್ಯಾರೇಜಿಗೆ ಹೋದೆ.

"ಬಲ್ಬ್ ಸುಟ್ಟಿರಬೇಕು, ಹೊಸದು ಹಾಕಿಬಿಡಿ" ಎಂದೆ.

"ತಡೀರಿ ಸಾರ್, ಮೊದ್ಲು ನೋಡೋಣ" ಎಂದರು ಮೆಕ್ಯಾನಿಕ್.

ಅವರು ಮೊದಲು ಹಾರ್ನ್ ಒತ್ತಿದರು. ಅದು ಜೋರಾಗಿ ಕೂಗಿತು. ಈ ಬೈಕಿನಲ್ಲಿ ಎಲ್ಲಕ್ಕೂ ಒಂದೇ ಫ್ಯೂಸ್. ಹಾಗಾಗಿ ಬ್ಯಾಟರಿಯೂ ಸರಿ ಇದೆ, ಫ್ಯೂಸೂ ಸರಿ ಇದೆ ಎಂದಾಯಿತು. ನಂತರ ಬಲ್ಬ್ ಬಿಚ್ಚಿದರು. ಅದರೊಳಗೆ ಎರಡು ತಂತುಗಳಿವೆ: ದೂರದ ಬೆಳಕಿಗೊಂದು, ಡಿಮ್‌ಗೊಂದು. ಎರಡೂ ತುಂಡಾಗಿರಲಿಲ್ಲ. ಬಲ್ಬಿನ ಹಿಂದೆ ಇರುವ ಕಾಲುಗಳು ಮಾತ್ರ ಮೂರು. ಎರಡು ತಂತುಗಳಿಗೆ ನಾಲ್ಕು ಕಾಲು ಬೇಡವೇ? ಬೇಡ. ವಿದ್ಯುತ್ ಒಳಬರಲು ಬೇರೆ ಬೇರೆ ಕಾಲು, ಮರಳಿ ಹೋಗಲು ಇಬ್ಬರಿಗೂ ಒಂದೇ ಕಾಲು!

ಮರಳಿ ಹೋಗುವುದೇ? ಹೌದು ಮಕ್ಕಳೇ. ತೋಟಕ್ಕೆ ಬಿಟ್ಟ ನೀರು ಪಂಪಿಗೆ ವಾಪಸ್ ಬರಬೇಕಿಲ್ಲ. ವಿದ್ಯುತ್ ಹಾಗಲ್ಲ. ಅದು ಗಾಣದ ಎತ್ತಿನಂತೆ ಸುತ್ತು ಪೂರ್ತಿ ಮಾಡಲೇಬೇಕು. ಬ್ಯಾಟರಿಯ ಒಂದು ಧ್ರುವದಿಂದ ಹೊರಟು, ಸ್ವಿಚ್ ಮತ್ತು ಬಲ್ಬ್ ದಾಟಿ, ಇನ್ನೊಂದು ಧ್ರುವಕ್ಕೆ ಸೇರಬೇಕು. ಈ ಸುತ್ತೇ ವಿದ್ಯುನ್ಮಂಡಲ. ಬೈಕಿನಲ್ಲಿ ಮರಳುವ ದಾರಿಯ ಬಹುಪಾಲು ತಂತಿಯೇ ಅಲ್ಲ, ಬೈಕಿನ ಕಬ್ಬಿಣದ ಚೌಕಟ್ಟು! ಬಲ್ಬಿನಿಂದ ಒಂದು ಗಿಡ್ಡ ತಂತಿ ಬಂದು ಚೌಕಟ್ಟಿಗೆ ಬೋಲ್ಟಿನಿಂದ ಸೇರುತ್ತದೆ. ಇದನ್ನು ಮೆಕ್ಯಾನಿಕ್‌ಗಳು 'ಅರ್ತ್' ಎನ್ನುತ್ತಾರೆ.

ಈಗ ಅವರು ಎರಡು ತಂತಿ ಕಟ್ಟಿದ ಒಂದು ಪುಟ್ಟ ಬಲ್ಬ್ ತೆಗೆದರು. ಒಂದು ತುದಿಯನ್ನು ಡಿಮ್ ತಂತಿಗೆ, ಇನ್ನೊಂದನ್ನು ಚೌಕಟ್ಟಿನ ಬಣ್ಣವಿಲ್ಲದ ಜಾಗಕ್ಕೆ ತಾಗಿಸಿದರು. ಬಲ್ಬ್ ಉರಿಯಿತು. ಅಂದರೆ ವಿದ್ಯುತ್ ಇಲ್ಲಿಯವರೆಗೆ ಬರುತ್ತಿದೆ. ಎರಡನೆಯ ತುದಿಯನ್ನು ಚೌಕಟ್ಟಿನಿಂದ ತೆಗೆದು ಅರ್ತ್ ತಂತಿಗೆ ತಾಗಿಸಿದರು. ಉರಿಯಲಿಲ್ಲ! ಕಳ್ಳ ಸಿಕ್ಕಿಬಿದ್ದ. ಆ ತಂತಿಯ ಜಾಡು ಹಿಡಿದು ಹೋದರೆ, ಹ್ಯಾಂಡಲ್ ಬಳಿಯ ಬೋಲ್ಟ್ ಮಳೆನೀರಿಗೆ ತುಕ್ಕು ಹಿಡಿದು ಕೂತಿತ್ತು. ಕಬ್ಬಿಣ ಒಳ್ಳೆಯ ವಾಹಕ, ಅದರ ತುಕ್ಕು ಅಲ್ಲ. ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿದರು. ಹೆಡ್‌ಲೈಟ್ ಹೊತ್ತಿಕೊಂಡಿತು. ನಾನು ಹೇಳಿದಂತೆ ಹೊಸ ಬಲ್ಬ್ ಹಾಕಿದ್ದರೆ ದುಡ್ಡು ದಂಡ!

ತುಕ್ಕು ಸ್ವಲ್ಪವೇ ಇದ್ದರೆ ದೀಪ ಆರುವುದಿಲ್ಲ, ಮಂಕಾಗುತ್ತದೆ. 12 ವೋಲ್ಟಿನಲ್ಲಿ 2 ವೋಲ್ಟ್ ಆ ಕೆಟ್ಟ ಜೋಡಣೆಯಲ್ಲೇ ಖರ್ಚಾದರೆ ಬಲ್ಬಿಗೆ ಉಳಿಯುವುದು 10 ಮಾತ್ರ. 35 ವ್ಯಾಟಿನ ಹೆಡ್‌ಲೈಟಿಗೆ ಸುಮಾರು 3 ಆಂಪಿಯರ್ ವಿದ್ಯುತ್ ಹರಿಯಬೇಕು. ಆದ್ದರಿಂದ ಅಂಥ ಜೋಡಣೆ ಬಿಸಿಯೂ ಆಗುತ್ತದೆ.

ಹ್ಯಾಂಡಲ್ ತಿರುಗುವ ಜಾಗದಲ್ಲಿ ಇನ್ನೊಂದು ತೊಂದರೆಯೂ ಉಂಟು. ತಂತಿ ಮತ್ತೆ ಮತ್ತೆ ಬಾಗಿ, ಮೇಲಿನ ಪ್ಲಾಸ್ಟಿಕ್ ಸರಿಯಾಗಿದ್ದರೂ ಒಳಗಿನ ತಾಮ್ರ ತುಂಡಾಗಬಹುದು. ಹ್ಯಾಂಡಲ್ ತಿರುಗಿಸಿದಾಗ ದೀಪ ಮಿಣುಕಿದರೆ ಅನುಮಾನ ಅಲ್ಲಿಗೇ ಹೋಗಬೇಕು.

ಮಾಡಿ ನೋಡಿ: 1.5 ವೋಲ್ಟಿನ ಒಂದು ಟಾರ್ಚ್ ಸೆಲ್, ಟಾರ್ಚ್ ಬಲ್ಬ್, ತಂತಿ ಮತ್ತು ಚೆನ್ನಾಗಿ ತುಕ್ಕು ಹಿಡಿದ ಮೊಳೆ ತೆಗೆದುಕೊಳ್ಳಿ. (ಮನೆಯ ಪ್ಲಗ್‌ನಲ್ಲಿರುವುದು 230 ವೋಲ್ಟ್, ಅದರ ತಂಟೆ ಬೇಡ.) ಮೊಳೆಯೂ ದಾರಿಯ ಭಾಗವಾಗುವಂತೆ ವಿದ್ಯುನ್ಮಂಡಲ ಜೋಡಿಸಿ, ತಂತಿಯ ತುದಿಗಳನ್ನು ತುಕ್ಕಿನ ಮೇಲೆ ಮೆಲ್ಲಗೆ ತಾಗಿಸಿ. ಆಮೇಲೆ ಮೊಳೆಯ ಎರಡು ಕಡೆ ಹೊಳೆಯುವವರೆಗೆ ಉಜ್ಜಿ, ಮತ್ತೆ ಅಲ್ಲಿಯೇ ತಾಗಿಸಿ. ಬಲ್ಬ್ ಏನು ಮಾಡಿತು?