ಹೈದರಾಬಾದಿನ ಊಟ: ನಿಲ್ದಾಣದೆದುರಿನ ಹೋಟೆಲಿನಿಂದಾಚೆ

ಸೇಡಂ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಜನರಿಗೆ ದೊಡ್ಡ ಶಹರ ಎಂದರೆ ಇಂದಿಗೂ ಹೈದರಾಬಾದೇ. ರಾಜಧಾನಿ ಬೆಂಗಳೂರು ವಾಡಿಯಿಂದ ಐನೂರು ಕಿ.ಮೀ.ಗೂ ಹೆಚ್ಚು ದೂರದಲ್ಲಿದ್ದರೆ, ಹೈದರಾಬಾದ್ ಇನ್ನೂರು ಕಿ.ಮೀ. ಒಳಗಿದೆ. ದೊಡ್ಡ ಆಸ್ಪತ್ರೆ, ಮದುವೆಯ ಜವಳಿ, ಮಕ್ಕಳ ಪರೀಕ್ಷೆ, ಯಂತ್ರದ ಬಿಡಿಭಾಗ ಹೀಗೆ ಕಾರಣ ಯಾವುದೇ ಇರಲಿ, ಇಲ್ಲಿನ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ಅಲ್ಲಿಗೆ ಹೋಗಿಬರುವುದು ವಾಡಿಕೆ.

ಆದರೆ ಊಟದ ವಿಷಯಕ್ಕೆ ಬಂದರೆ ಇವರಲ್ಲಿ ಬಹಳಷ್ಟು ಜನರ ಹೈದರಾಬಾದ್, ನಾಂಪಲ್ಲಿ ಅಥವಾ ಸಿಕಂದರಾಬಾದ್ ನಿಲ್ದಾಣದ ಎದುರಿನ ಹೋಟೆಲು ಸಾಲಿನಲ್ಲಿಯೇ ಮುಗಿದುಹೋಗುತ್ತದೆ. ರೈಲು ತಪ್ಪೀತೆಂಬ ಆತಂಕ ಒಂದೆಡೆಯಾದರೆ, ಹೆಸರು ತಿಳಿಯದ ತಿನಿಸಿಗೆ ಎಷ್ಟು ಬಿಲ್ ಆದೀತೋ ಎಂಬ ಅಳುಕು ಇನ್ನೊಂದೆಡೆ. ಸಸ್ಯಾಹಾರಿಗಳಿಗಂತೂ ತಟ್ಟೆಯಲ್ಲಿ ಏನು ಬಂದೀತೋ ಎಂಬ ಭಯ. 2019ರಲ್ಲಿ ಯುನೆಸ್ಕೊ ಸಂಸ್ಥೆಯಿಂದ ಪಾಕಕಲೆಯ ಸೃಜನಶೀಲ ನಗರವೆಂಬ ಮನ್ನಣೆ ಪಡೆದ ಊರಿಗೆ ಹತ್ತಾರು ಬಾರಿ ಹೋದವರೂ ಅಲ್ಲಿ ಒಂದೇ ಬಗೆಯ ಪ್ಲೇಟ್ ಮೀಲ್ಸ್ ತಿಂದು ಹಿಂದಿರುಗುವುದು ವಿಪರ್ಯಾಸವೇ ಸರಿ. ಏಕೆಂದರೆ ಆ ಊರಿನ ಅಡುಗೆ ಈ ಭಾಗದವರಿಗೆ ಅಂದುಕೊಂಡಷ್ಟು ಅಪರಿಚಿತವಲ್ಲ.

ವಾಡಿಯ ಹಾದಿ

ನಿಜಾಮ್ ಸಂಸ್ಥಾನದ ಮೊದಲ ರೈಲು ಮಾರ್ಗ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆಯಿತು. ಮುಂಬೈ-ಮದ್ರಾಸ್ ಮುಖ್ಯ ಮಾರ್ಗದಿಂದ ಕವಲೊಡೆದ ಈ ಹಾದಿ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಸಾಗುತ್ತದೆ. ರೈಲಿಲ್ಲದ ಚಿಂಚೋಳಿಯವರಿಗೂ ತಾಂಡೂರು ಹತ್ತಿರದ ನಿಲ್ದಾಣ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗಿ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯ ಸೇರಿತಾದರೂ, ಸಂತೆ, ಚಿಕಿತ್ಸೆ, ನೆಂಟಸ್ತನಗಳ ದಾರಿ ಬದಲಾಗಲಿಲ್ಲ.

ಹೈದರಾಬಾದಿನ ಹೆಗ್ಗುರುತಾದ ಇರಾನಿ ಹೋಟೆಲುಗಳ ಕಥೆಯೂ ಈ ಹಾದಿಗೆ ತಳುಕು ಹಾಕಿಕೊಂಡಿದೆ. ಇರಾನಿನಿಂದ ಸಮುದ್ರ ದಾಟಿ ಮುಂಬೈಗೆ, ಪುಣೆಗೆ ಬಂದವರಲ್ಲಿ ಕೆಲವರು ಮುಂದೆ ನಿಜಾಮರ ರಾಜಧಾನಿಗೆ ಬಂದು ನೆಲೆಸಿದರು. ಮುಂಬೈಯಿಂದ ಹೈದರಾಬಾದಿಗೆ ರೈಲು ಬರುತ್ತಿದ್ದುದು ವಾಡಿಯ ಮೂಲಕವೇ. ಅಮೃತಶಿಲೆಯ ಹಲಗೆಯ ಮೇಜು, ಬಾಗಿದ ಕಟ್ಟಿಗೆಯ ಕುರ್ಚಿಗಳ ಈ ಹೋಟೆಲುಗಳಲ್ಲಿ ಹಾಲನ್ನು ಬೇರೆಯಾಗಿ ಕಾಯಿಸಿ ಗಟ್ಟಿ ಮಾಡುತ್ತಾರೆ. ಚಹಾ ಡಿಕಾಕ್ಷನ್ ಬಾಯಿ ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕುದಿಯುತ್ತಿರುತ್ತದೆ. ಎರಡೂ ಕೂಡುವುದು ಕಪ್ಪಿನಲ್ಲಿಯೇ. ಜತೆಗೆ ಸಿಹಿ-ಉಪ್ಪು ಬೆರೆತ ಉಸ್ಮಾನಿಯಾ ಬಿಸ್ಕತ್ತು. ಬಸಿಗೆ ಸುರಿದುಕೊಂಡು ಕುಡಿದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಸಿಕಂದರಾಬಾದ್ ನಿಲ್ದಾಣದ ಎದುರಿನ ಆಲ್ಫಾ, ಅಬಿಡ್ಸ್‌ನಲ್ಲಿ 1935ರಲ್ಲಿ ಆರಂಭವಾದ ಗ್ರ್ಯಾಂಡ್ ಹೋಟೆಲು, ಚಾರ್‌ಮಿನಾರ್ ಪಕ್ಕದ ನಿಮ್ರಾ ಚಹಾ ಪ್ರಿಯರಿಗೆ ಚಿರಪರಿಚಿತ. ಹಳೆಯ ಇರಾನಿ ಹೋಟೆಲುಗಳು ಒಂದೊಂದಾಗಿ ಮುಚ್ಚುತ್ತಾ ಬಂದಿವೆ. ಒಂದು ಕಪ್ ಚಹಾಕ್ಕೆ ಗಂಟೆಗಟ್ಟಲೆ ಕೂರುವ ಗಿರಾಕಿಗಿಂತ ಮೂಲೆಯ ಜಾಗಕ್ಕೆ ಬರುವ ಬಾಡಿಗೆಯೇ ದೊಡ್ಡದಾಗಿರುವಾಗ ಇದು ಅನಿರೀಕ್ಷಿತವೇನಲ್ಲ. ನೋಡಬೇಕೆಂದಿರುವವರು ಮುಂದೂಡದಿರುವುದು ಲೇಸು.

ಬಿರಿಯಾನಿಯ ಲೆಕ್ಕಾಚಾರ

ಕಲಬುರಗಿ ಭಾಗದ ತಹರಿ ಬಲ್ಲವರಿಗೆ ಹೈದರಾಬಾದಿ ಬಿರಿಯಾನಿ ಎಲ್ಲಿ ಭಿನ್ನ ಎಂಬುದು ಬೇಗ ತಿಳಿಯುತ್ತದೆ. ತಹರಿಯಲ್ಲಿ ಅಕ್ಕಿ, ಮಾಂಸ, ಮಸಾಲೆ ಒಂದೇ ಪಾತ್ರೆಯಲ್ಲಿ ಕೂಡಿ ಬೇಯುತ್ತವೆ. 'ಕಚ್ಚೆ ಗೋಷ್ತ್' ಪದ್ಧತಿಯ ಬಿರಿಯಾನಿಯಲ್ಲಿ ಮೊಸರು, ಮಸಾಲೆಯಲ್ಲಿ ನೆನೆಸಿದ ಹಸಿ ಮಾಂಸವನ್ನು ತಳದಲ್ಲಿ ಹರಡಿ, ಅರೆಬೆಂದ ಅಕ್ಕಿಯನ್ನು ಮೇಲೆ ಹೊದಿಸಿ, ಪಾತ್ರೆಯ ಬಾಯಿಯನ್ನು ಕಣಕದಿಂದ ಮುಚ್ಚಿ ದಮ್ ಕೊಡುತ್ತಾರೆ. ಆದ್ದರಿಂದ ಮೇಲಿನ ಬಿಳಿ ಅನ್ನವನ್ನಷ್ಟೇ ತಿಂದು 'ಸಪ್ಪೆ' ಎಂದು ದೂರುವುದು ಸಲ್ಲ. ತಳದ ಮಸಾಲೆಯನ್ನು ಕಲೆಸಿಕೊಳ್ಳಬೇಕು.

ಅನೇಕ ಹೋಟೆಲುಗಳಲ್ಲಿ 'ಸಿಂಗಲ್' ಎಂಬ ಒಂದು ಪ್ಲೇಟ್ ಬಿರಿಯಾನಿ ಸಾಮಾನ್ಯ ಹಸಿವಿನ ಇಬ್ಬರಿಗೆ ಸಾಕಾಗುತ್ತದೆ. ನಾಲ್ವರು ಹೋಗಿ ನಾಲ್ಕು ಪ್ಲೇಟ್ ಹೇಳಿ ಅರ್ಧ ಬಿಟ್ಟು ಏಳುವ ಪ್ರಸಂಗಗಳು ಸರ್ವೇಸಾಮಾನ್ಯ. ಮೊದಲು ಎರಡು ತರಿಸಿ, ನಂತರ ಬೇಕಾದರೆ ಮತ್ತೊಂದು ಹೇಳುವುದು ಜಾಣತನ. ಜತೆಗೆ ಬರುವ ಮಿರ್ಚಿ ಕಾ ಸಾಲನ್ ನಮ್ಮವರಿಗೆ ಹೊಸದೇನಲ್ಲ. ಶೇಂಗಾ, ಎಳ್ಳು, ಕೊಬ್ಬರಿ, ಹುಣಸೆಹುಳಿಯ ಅದೇ ಗಟ್ಟಿ ರಸ. ಬಘಾರೆ ಬೈಂಗನ್ ಅಂತೂ ಬದನೆಯ ಎಣ್ಣೆಗಾಯಿಯ ಹತ್ತಿರದ ನೆಂಟ.

ಬಸ್ಸಿನಲ್ಲಿ ಮಹಾತ್ಮ ಗಾಂಧಿ ನಿಲ್ದಾಣಕ್ಕೆ ಬಂದಿಳಿದವರಿಗೆ ಮೂಸಿ ನದಿ ದಾಟಿದರೆ ಮದೀನಾ ವೃತ್ತ, ಅಲ್ಲಿಯೇ ಶಾದಾಬ್ ಹೋಟೆಲು ಸಿಗುತ್ತದೆ. ಸಿಕಂದರಾಬಾದಿನಲ್ಲಿ 1953ರಿಂದ ಇರುವ ಪ್ಯಾರಡೈಸ್‌ನ ಹೆಸರನ್ನು ಮೆಟ್ರೊ ನಿಲ್ದಾಣಕ್ಕೂ ಇಡಲಾಗಿದೆ.

ಹೈದರಾಬಾದಿನಲ್ಲಿ ಹೋಟೆಲಿನಷ್ಟೇ ಹೊತ್ತೂ ಮುಖ್ಯ. ನಹಾರಿ-ಕುಲ್ಚಾ ಬೆಳಗಿನ ತಿನಿಸು, ಮಧ್ಯಾಹ್ನ ಹೋಗಿ ಕೇಳಿದರೆ ಸಿಗುವುದು ಕಷ್ಟ. ಗೋಧಿ, ಬೇಳೆ, ಮಾಂಸವನ್ನು ತಾಸುಗಟ್ಟಲೆ ಬೇಯಿಸಿ ಕುಟ್ಟಿ ತಯಾರಿಸುವ ಹಲೀಮ್‌ಗೆ ರಂಜಾನ್ ತಿಂಗಳ ಸಂಜೆಯೇ ಸರಿಯಾದ ಕಾಲ. ಈ ಖಾದ್ಯಕ್ಕೆ 2010ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ದೇಶದಲ್ಲಿ ಮಾಂಸಾಹಾರಿ ಖಾದ್ಯವೊಂದಕ್ಕೆ ಈ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು. ಅದೇ ತಿಂಗಳಲ್ಲಿ ಹಳೆಯ ನಗರದ ಕೆಲವು ಹೋಟೆಲುಗಳು ಹಗಲು ಬಾಗಿಲು ಹಾಕಿರುತ್ತವೆಂಬುದನ್ನೂ ನೆನಪಿಡಬೇಕು.

ಸಸ್ಯಾಹಾರಿಗಳಿಗೆ

ಒಂದೇ ಅಡುಗೆಮನೆಯಲ್ಲಿ ಎರಡೂ ಬೇಯುವುದನ್ನು ಒಪ್ಪದವರು 'ಪ್ಯೂರ್ ವೆಜ್' ಫಲಕವಿರುವ ಕಡೆಗೇ ಹೋಗುವುದು ಒಳಿತು. ಅಂಥವಕ್ಕೆ ಹೈದರಾಬಾದಿನಲ್ಲಿ ಕೊರತೆಯಿಲ್ಲ. ಅಬಿಡ್ಸ್‌ನ ತಾಜ್ ಮಹಲ್ ಹೋಟೆಲು ಹಳೆಯದು. ಚಾರ್‌ಮಿನಾರ್ ಸಮೀಪದ ಗುಲ್ಜಾರ್ ಹೌಜ್ ಬಳಿ ಬೆಳಿಗ್ಗೆ ಬಂಡಿಯಲ್ಲಿ ಸಿಗುವ ಗೋವಿಂದ್ ದೋಸೆಗೆ ಜನ ಕಾದು ನಿಲ್ಲುತ್ತಾರೆ. ದೋಸೆಯ ಮೇಲೆಯೇ ಉಪ್ಪಿಟ್ಟು, ಬೆಣ್ಣೆ ಹರಡುವ ಈ ಪದ್ಧತಿಗೆ ದಾವಣಗೆರೆಯವರು ಏನೆನ್ನುತ್ತಾರೋ! ಇರಾನಿ ಹೋಟೆಲಿನಲ್ಲಿ ಚಹಾಕ್ಕೆ ಕೂತವರು ಚೌಕಾಕಾರದ ಲುಖ್ಮಿಯನ್ನು ಪಫ್ ಎಂದು ಭಾವಿಸಿ ಕೈ ಹಾಕಬಾರದು. ಅದರೊಳಗಿರುವುದು ಖೀಮಾ.

ತೆಲುಗು ಪದ್ಧತಿಯ ಊಟದ ಹೋಟೆಲುಗಳಲ್ಲಿ ಇನ್ನೊಂದು ಅಚ್ಚರಿ ಕಾದಿರುತ್ತದೆ. ಅಲ್ಲಿ ಹೆಮ್ಮೆಯಿಂದ ಬಡಿಸುವ ಗೋಂಗುರ ಬೇರೇನೂ ಅಲ್ಲ, ನಮ್ಮ ಪುಂಡಿಪಲ್ಯದ ಸೊಪ್ಪು.

ಸಿಹಿಗೆ ನಾಂಪಲ್ಲಿಯಿಂದ ನಡೆದುಹೋಗುವಷ್ಟು ದೂರದಲ್ಲಿ ಮೊಅಜ್ಜಂ ಜಾಹಿ ಮಾರುಕಟ್ಟೆಯಿದೆ. ಕಲ್ಲಿನ ಈ ಕಟ್ಟಡದ ಆವರಣದ ಐಸ್‌ಕ್ರೀಂ ಅಂಗಡಿಗಳಲ್ಲಿ ಹಣ್ಣಿನ ಐಸ್‌ಕ್ರೀಂ ವಿಶೇಷ. ದೇಶ ವಿಭಜನೆಯ ನಂತರ ಬಂದ ಸಿಂಧಿ ಕುಟುಂಬ 1953ರಲ್ಲಿ ಆರಂಭಿಸಿದ ಕರಾಚಿ ಬೇಕರಿಯೂ ಇದರ ಬಳಿಯೇ ಇದೆ. ಊರಿಗೆ ಒಯ್ಯುವ ಹಣ್ಣಿನ ಬಿಸ್ಕತ್ತಿನ ಡಬ್ಬಿಗಳು ಇಲ್ಲಿಂದಲೇ ಹೊರಡುತ್ತವೆ.

ರೋಗಿಯ ಜತೆಗೆ ಬಂದವರು

ಆದರೆ ಈ ಭಾಗದಿಂದ ಹೋಗುವವರಲ್ಲಿ ಎಷ್ಟೋ ಮಂದಿ ರುಚಿ ನೋಡಲು ಹೋದವರಲ್ಲ. ಪಂಜಗುಟ್ಟದ ನಿಮ್ಸ್, ಅಫ್ಜಲ್‌ಗಂಜ್‌ನ ಉಸ್ಮಾನಿಯಾ, ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಗಳ ಆವರಣದಲ್ಲಿ ವರದಿಗಳ ಚೀಲ ಹಿಡಿದು ದಿನಗಟ್ಟಲೆ ಕಾಯುವವರಿಗೆ ಊಟದ ಖರ್ಚೇ ದೊಡ್ಡ ಹೊರೆ. ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎರಡು ಮೂರು ದಿನಕ್ಕೆ ಸಾಕು. ಬಳಿಕ ಹೋಟೆಲೇ ಗತಿ. ಇಂಥವರಿಗೆ ನೆರವಾಗುವುದು ನಗರ ಪಾಲಿಕೆ 2014ರಲ್ಲಿ 'ಅನ್ನಪೂರ್ಣ' ಹೆಸರಿನಲ್ಲಿ ಆರಂಭಿಸಿದ 5 ರೂ. ಊಟದ ಕೇಂದ್ರಗಳು. ಇವೀಗ ಇಂದಿರಮ್ಮ ಕ್ಯಾಂಟೀನ್ ಎಂದಾಗಿವೆ. ಆಧಾರ್ ಚೀಟಿಯಲ್ಲಿ ಕಲಬುರಗಿ ಜಿಲ್ಲೆಯ ವಿಳಾಸವಿದೆಯೆಂದು ಹಿಂಜರಿಯಬೇಕಾಗಿಲ್ಲ, ಸಾಲಿನಲ್ಲಿ ನಿಂತರಾಯಿತು.

ಅನ್ನ ಒಗ್ಗದ ರೋಗಿಗಳಿಗೆ, ಮಧುಮೇಹಿಗಳಿಗೆ ಇನ್ನೊಂದು ದಾರಿಯಿದೆ. ಸಂಜೆಯಾಗುತ್ತಲೇ ಹೈದರಾಬಾದಿನ ಬಡಾವಣೆಗಳ ರಸ್ತೆಬದಿಯಲ್ಲಿ ಹೆಂಗಸರು ಒಲೆ ಹೂಡಿ 'ಜೊನ್ನ ರೊಟ್ಟೆ' ತಟ್ಟಲು ಕೂರುತ್ತಾರೆ. ಅದು ಜೋಳದ ರೊಟ್ಟಿಯೇ. ಎಣಿಕೆಯ ಮೇಲೆ ಮಾರಾಟ. ಕೊಳ್ಳುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯ ಭಯದಿಂದ ಅನ್ನ ಬಿಟ್ಟ ನಗರವಾಸಿಗಳು. ರೊಟ್ಟಿಗೂ ಹಣ ಕೊಡುವುದೇ ಎಂದು ಸೇಡಂ, ಚಿಂಚೋಳಿಯವರು ಮೊದಲು ಹುಬ್ಬೇರಿಸುತ್ತಾರೆ. ಎರಡನೆಯ ದಿನ ಅವರೂ ಅಲ್ಲಿಯೇ ನಿಂತಿರುತ್ತಾರೆ. ಪಕ್ಕದ ಕರಿ ಪಾಯಿಂಟ್‌ನಲ್ಲಿ ಚಿಕ್ಕ ಪೊಟ್ಟಣದಲ್ಲಿ ಬೇಳೆಯ ಪಪ್ಪು ಸಿಗುತ್ತದೆ. ಅದೂ ತೊಗರಿಯದೇ.