ಅಳಿವೆಯ ತಳದ ಕೆಸರೂ ನಮ್ಮ ಬಂಡವಾಳವೇ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳಲ್ಲಿ ಮಂಜುಗಡ್ಡೆ ಕಾರ್ಖಾನೆ, ಬಲೆ-ಹಗ್ಗದ ಅಂಗಡಿ, ಡೀಸೆಲ್ ಬಂಕು, ಲಾರಿ ಸಾಗಾಟ ಮೊದಲಾದ ಅನೇಕ ವ್ಯವಹಾರಗಳು ಮೀನುಗಾರಿಕೆಯನ್ನು ಅವಲಂಬಿಸಿವೆ. ಆದರೆ ಈ ಉದ್ಯಮದ ಒಂದು ಮುಖ್ಯ ಆಸ್ತಿಯು ಯಾರ ಅಢಾವೆ ಪತ್ರಿಕೆಯಲ್ಲಿಯೂ ಕಾಣಿಸುವುದಿಲ್ಲ. ಅದು ಅಳಿವೆಗಳ ತಳದಲ್ಲಿರುವ ಕೆಸರು.

ಜಮೆ ಮತ್ತು ಖರ್ಚು

ಕೊಲ್ಲೂರಿನ ಕಡೆಯಿಂದ ಹರಿದುಬರುವ ಸೌಪರ್ಣಿಕೆಯು ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ನದಿಗಳೊಡನೆ ಗಂಗೊಳ್ಳಿಯ ಬಳಿ ಪಂಚಗಂಗಾವಳಿಯಾಗಿ ಸಮುದ್ರ ಸೇರುತ್ತದೆ. ಸ್ವರ್ಣಾ ಮತ್ತು ಸೀತಾ ನದಿಗಳು ಕೋಡಿಬೆಂಗ್ರೆಯಲ್ಲಿ ಸೇರುತ್ತವೆ. ಮಳೆಗಾಲದಲ್ಲಿ ಇವು ಘಟ್ಟದಿಂದ ತರುವ ಮಣ್ಣು, ಕಸಕಡ್ಡಿ, ಕಾಂಡ್ಲಾ ಕಾಡಿನ ಉದುರೆಲೆ, ಸತ್ತ ಸೂಕ್ಷ್ಮಜೀವಿಗಳು ತಳದಲ್ಲಿ ಜಮೆಯಾಗುತ್ತವೆ. ಬ್ಯಾಕ್ಟೀರಿಯಾಗಳು ಇವನ್ನು ಕೊಳೆಯಿಸಿದಾಗ ಅಮೋನಿಯಂ ಮತ್ತು ಫಾಸ್ಫೇಟ್ ಬಿಡುಗಡೆಯಾಗಿ ಕ್ರಮೇಣ ನೀರಿಗೆ ಮರಳುತ್ತವೆ. ಹುಳುಗಳೂ ಮರುವಾಯಿಗಳೂ ಕೆಸರನ್ನು ಕೊರೆದು ಈ ವಿನಿಮಯವನ್ನು ಚುರುಕುಗೊಳಿಸುತ್ತವೆ. ಇದರಿಂದ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ. ಅವು ಬೂತಾಯಿಗೆ ಆಹಾರ. ಸಿಗಡಿ ಮರಿಗಳ ಆಹಾರ ಸರಪಳಿಗೂ ಅವೇ ಬುನಾದಿ. ಮಳೆ ನಿಂತು ನದಿಯ ಪೂರೈಕೆ ಇಳಿದಾಗ ಈ ತಳವು ದುಡಿಯುವ ಬಂಡವಾಳದಂತೆ ಒದಗುತ್ತದೆ.

ಮಿತಿ ಮೀರಿದಾಗ

ಕೆಸರಿನ ಮೇಲ್ಪದರದ ಕೆಲವೇ ಮಿಲಿಮೀಟರುಗಳಲ್ಲಿ ಆಮ್ಲಜನಕವಿರುತ್ತದೆ. ಅಲ್ಲಿನ ಕಬ್ಬಿಣದ ಆಕ್ಸೈಡ್ ಫಾಸ್ಫೇಟನ್ನು ಹಿಡಿದಿಡುತ್ತದೆ. ಸಾರಜನಕದ ಒಂದು ಭಾಗವನ್ನು ಬೇರೆ ಬ್ಯಾಕ್ಟೀರಿಯಾಗಳು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ; ಲೆಕ್ಕದ ಭಾಷೆಯಲ್ಲಿ ಇದು ವಜಾ. ಮೀನು ತೊಳೆದ ನೀರು, ಪೇಟೆಯ ಕೊಳಚೆ, ಸಿಗಡಿ ಕೆರೆಗಳಲ್ಲಿ ಉಳಿದ ಆಹಾರ ಇವು ಅತಿಯಾಗಿ ಸೇರಿದರೆ ಆಮ್ಲಜನಕ ಮುಗಿದು ಫಾಸ್ಫೇಟ್ ಒಮ್ಮೆಲೇ ಹೊರಬೀಳುತ್ತದೆ. ವಜಾ ಮಾಡುವ ಕ್ರಿಯೆಯೂ ಕುಗ್ಗುತ್ತದೆ. ಪಾಚಿ ಹಬ್ಬುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಮರುವಾಯಿ ಸಾಯುತ್ತದೆ. ಬಳಿಕ ಕೊಳಚೆಯನ್ನು ತಡೆದರೂ ತಳದಲ್ಲಿ ಕೂಡಿದ ಹಳೆಯ ಬಾಕಿ ತೀರಲು ವರ್ಷಗಳೇ ಬೇಕಾಗಬಹುದು.

ಉದ್ಯಮಿಗಳ ಹೊಣೆ

1974ರ ಜಲಮಾಲಿನ್ಯ ಕಾಯಿದೆಯಂತೆ ತ್ಯಾಜ್ಯನೀರು ಬಿಡುವ ಘಟಕಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಕರಾವಳಿಯ ಸಿಗಡಿ ಕೆರೆಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ಕಠಿಣ ತೀರ್ಪು ನೀಡಿತ್ತು. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯಿದೆಯಡಿ ಅವುಗಳ ನೋಂದಣಿ ಕಡ್ಡಾಯವಾಯಿತು. ಕಾನೂನಿನ ಭಯಕ್ಕಿಂತ ಸ್ವಂತ ಹಿತಕ್ಕಾಗಿಯೇ ನಾವು ಎಚ್ಚೆತ್ತುಕೊಳ್ಳುವುದು ಲೇಸು. ಮೀನಿನ ತ್ಯಾಜ್ಯವನ್ನು ಬೇರ್ಪಡಿಸಿ ಮೀನುಹುಡಿ ಘಟಕಗಳಿಗೆ ಮಾರಬಹುದು. ತೊಳೆದ ನೀರನ್ನು ತೊಟ್ಟಿಯಲ್ಲಿ ತಿಳಿಗೊಳಿಸಿ ಬಿಡಬಹುದು. ಸಂಸ್ಕರಣೆಯ ವೆಚ್ಚ ಒಬ್ಬರಿಗೆ ಭಾರವಾದರೆ ಹತ್ತು ಮಂದಿ ಕೂಡಿ ಸಾಮೂಹಿಕ ಘಟಕ ಸ್ಥಾಪಿಸಬಹುದು. ಯಂತ್ರದ ಸವಕಳಿಗೆ ವರ್ಷವೂ ಲೆಕ್ಕ ಬರೆಯುವ ನಾವು ಅಳಿವೆಯ ಸವಕಳಿಯನ್ನೂ ಮುಂದಿನ ಆಯವ್ಯಯದಲ್ಲಿ ಪರಿಗಣಿಸುವುದು ಉಚಿತ.